ಹಳೆಯ ಪಿಕಪ್ ಯಾರ ಯಾರ ಕೈ ದಾಟಿ ಬಂತು? ಹೇಳುವ ಕಡತಗಳು ಉಳಿಯಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಹಳೆಯ ವಾಹನಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಲೇಖನಗಳು ಬರುತ್ತವೆ. ಎಂಜಿನ್ ಎಷ್ಟು ಸಿಲಿಂಡರಿನದು, ಬಣ್ಣ ಮೂಲದ್ದೇ ಅಲ್ಲವೇ, ತುಕ್ಕನ್ನು ಹೇಗೆ ತೆಗೆದರು ಎಂಬುದನ್ನೆಲ್ಲ ಅವು ಚೆನ್ನಾಗಿಯೇ ವಿವರಿಸುತ್ತವೆ. ಆದರೆ ಆ ಗಾಡಿಯನ್ನು ಇಷ್ಟು ವರ್ಷ ಓಡಿಸಿದವರು ಯಾರು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಕೇಳುವವರು ಕಡಿಮೆ. ನಾನು ಮೂರು ವರ್ಷಗಳಿಂದ ಒಂದು ಹಳೆಯ ಪಿಕಪ್ ಟ್ರಕ್ಕಿನ ಹಿಂದಿನ ಮಾಲೀಕರ ಜಾಡು ಹಿಡಿದು ಹೊರಟಿದ್ದೇನೆ. ಆ ಹುಡುಕಾಟದಲ್ಲಿ ಕಲಿತದ್ದನ್ನು ಇದೇ ದಾರಿಯಲ್ಲಿರುವ ಇತರರಿಗೂ ತಿಳಿಸಬೇಕು ಎಂಬುದು ಈ ಪತ್ರದ ಒಂದು ಉದ್ದೇಶ. ವಾಹನ ನೋಂದಣಿಯ ಹಳೆಯ ದಾಖಲೆ ಪುಸ್ತಕಗಳನ್ನು ರದ್ದಿಗೆ ಹಾಕುವ ಪರಿಪಾಠ ನಿಲ್ಲಬೇಕು ಎಂದು ನಿಮ್ಮ ಮೂಲಕ ಕೋರುವುದು ಇನ್ನೊಂದು, ಮತ್ತು ಮುಖ್ಯವಾದ, ಉದ್ದೇಶ.

ಪಿಕಪ್ಪಿನ ವಿಷಯದಲ್ಲಿ ಈ ಕೆಲಸ ಕಾರಿನದಕ್ಕಿಂತ ಕಷ್ಟ. ಮನೆಗೆ ಹೊಸ ಕಾರು ಬಂದರೆ ಅದರ ಮುಂದೆ ನಿಂತು ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ಮದುವೆಯ ಆಲ್ಬಮ್ಮಿನಲ್ಲೂ ಅದಕ್ಕೊಂದು ಜಾಗ ಇರುತ್ತದೆ. ಪಿಕಪ್ ಹಾಗಲ್ಲ. ಅದು ಸನಿಕೆ, ಏಣಿ, ಗರಗಸಗಳ ಸಾಲಿಗೆ ಸೇರಿದ ದುಡಿಮೆಯ ಸಾಮಾನು. ಮಣ್ಣು, ಮರಳು, ಹುಲ್ಲು, ಪೈಪು ಹೊತ್ತು ಸವೆದ ಮೇಲೆ ಒಬ್ಬ ಕೆಲಸಗಾರ ಅದನ್ನು ಇನ್ನೊಬ್ಬ ಕೆಲಸಗಾರನಿಗೆ ಬಾಯಿಮಾತಿನಲ್ಲೇ ಕೊಟ್ಟುಬಿಡುತ್ತಾನೆ. ಎಷ್ಟೋ ಸಲ ಹೆಸರು ವರ್ಗಾವಣೆ ಆಗುವಷ್ಟರಲ್ಲಿ ಗಾಡಿ ಮತ್ತೊಂದು ಕೈ ಬದಲಾಯಿಸಿರುತ್ತದೆ, ನಡುವಿನ ಮಾಲೀಕನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಗಾಡಿಯ ದೇಹವೂ ಹಲವು ಗಾಡಿಗಳ ಭಾಗಗಳಿಂದ ಕೂಡಿದ್ದಾಗಿರಬಹುದು. ಫೋರ್ಡ್ ಕಂಪನಿ 1925ರಲ್ಲಿ ಮಾಡೆಲ್ ಟಿ ಗಾಡಿಯನ್ನು ಕಾರ್ಖಾನೆಯಲ್ಲೇ ಜೋಡಿಸಿದ ಪಿಕಪ್ ಪೆಟ್ಟಿಗೆಯ ಸಮೇತ ಮಾರಲು ಆರಂಭಿಸುವ ಮೊದಲು ಜನ ಕಾರಿನ ಹಿಂಭಾಗ ಕತ್ತರಿಸಿ, ಬಡಗಿಯಿಂದ ಮರದ ಪೆಟ್ಟಿಗೆ ಮಾಡಿಸಿ ಕೂರಿಸಿಕೊಳ್ಳುತ್ತಿದ್ದರು. ಕೂಡಿಸಿ, ಕಳಚಿ, ಮತ್ತೆ ಕೂಡಿಸುವ ಆ ರೂಢಿ ಪಿಕಪ್ಪಿನ ಮಟ್ಟಿಗೆ ಆಮೇಲೂ ಹೋಗಲಿಲ್ಲ. ಒಂದರ ಕ್ಯಾಬಿನ್, ಇನ್ನೊಂದರ ಬಾಗಿಲು, ಮೂರನೆಯದರ ಎಂಜಿನ್ ಒಂದೇ ಗಾಡಿಯಲ್ಲಿ ಕಾಣುವುದು ಅಪರೂಪವೇನಲ್ಲ.

ಆದ್ದರಿಂದಲೇ ನನ್ನ ಮೊದಲ ಮಾತು: ಹುಡುಕಾಟವನ್ನು ಕಚೇರಿಯಿಂದಲೋ ಕಂಪ್ಯೂಟರಿನಿಂದಲೋ ಆರಂಭಿಸಬಾರದು, ಗಾಡಿಯ ಮೈಯಿಂದಲೇ ಆರಂಭಿಸಬೇಕು. ನನ್ನ ಬಳಿ ಇರುವುದು 1971ರ ಫೋರ್ಡ್ ಎಫ್-100. ಅದರ ಚಾಸಿ ನಂಬರ್ ಚೌಕಟ್ಟಿನ ಬಲಬದಿಯ ತೊಲೆಯ ಮೇಲ್ಮೈಯಲ್ಲಿ, ಎಂಜಿನ್ನಿನ ಪಕ್ಕದಲ್ಲಿ ಒತ್ತಿರುತ್ತದೆ. ಮಾರಿದವರಿಗೆ ಅಲ್ಲಿ ನಂಬರ್ ಇರುವುದೇ ಗೊತ್ತಿರಲಿಲ್ಲ. ಎಣ್ಣೆ, ಧೂಳು ಸೇರಿ ಬೆರಳು ದಪ್ಪ ಮೆತ್ತಿಕೊಂಡಿದ್ದ ಜಿಡ್ಡನ್ನು ಮರದ ಚೂರಿನಿಂದ ಕೆರೆದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತುಕ್ಕಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ಲನ್ನು ಅಡ್ಡಲಾಗಿ ಹಿಡಿದು ಉಜ್ಜಿದೆ. ಕಣ್ಣಿಗೆ ಕಾಣದಿದ್ದ ಅಂಕಿಗಳು ಬೂದು ಬಣ್ಣದ ಕಾಗದದ ಮೇಲೆ ಒಂದೊಂದಾಗಿ ಬೆಳ್ಳಗೆ ಮೂಡಿದವು. ತಂತಿಯ ಬ್ರಷ್ಷನ್ನೋ ಗ್ರೈಂಡರನ್ನೋ ಅಲ್ಲಿ ಮುಟ್ಟಿಸಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಐವತ್ತು ವರ್ಷ ತುಕ್ಕು ತಿಂದು ಉಳಿಸಿದ ಅಕ್ಷರವನ್ನು ಗ್ರೈಂಡರ್ ಒಂದು ನಿಮಿಷದಲ್ಲಿ ಅಳಿಸಿಬಿಡುತ್ತದೆ, ಆಮೇಲೆ ಆ ಗಾಡಿಯನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ.

ನಂಬರ್ ಸಿಕ್ಕಿತೆಂದರೆ ಅದನ್ನು ಓದಲು ಬರಬೇಕು. ನನ್ನ ಗಾಡಿಯದು ಎಫ್10ವೈಎನ್ ಎಂದು ಆರಂಭವಾಗುತ್ತದೆ. ಎಫ್10 ಎಂದರೆ ಎಫ್-100 ಮಾದರಿ, ವೈ ಎಂದರೆ 360 ಘನ ಅಂಗುಲದ ವಿ-8 (ಎಂಟು ಸಿಲಿಂಡರುಗಳ) ಎಂಜಿನ್, ಎನ್ ಎಂದರೆ ವರ್ಜೀನಿಯಾದ ನಾರ್ಫೋಕ್ ಕಾರ್ಖಾನೆ. 1925ರಲ್ಲಿ ತೆರೆದ ಆ ಕಾರ್ಖಾನೆಯನ್ನು 2007ರಲ್ಲಿ ಮುಚ್ಚಿದರು. ಉಳಿದ ಆರು ಸ್ಥಾನಗಳು ಆ ಗಾಡಿಯ ಸರಣಿ ಸಂಖ್ಯೆ. ಒಟ್ಟು ಹನ್ನೊಂದೇ ಸ್ಥಾನ. ಇಂದು ನಾವು ಕಾಣುವ ಹದಿನೇಳು ಸ್ಥಾನಗಳ ಗುರುತಿನ ಸಂಖ್ಯೆ ಆಗ ಇರಲಿಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಐಎಸ್ಒ 3779 ಎಂಬ ಮಾನಕವನ್ನು ಹೊರತಂದದ್ದು 1977ರಲ್ಲಿ, ಅಮೆರಿಕ ಹದಿನೇಳು ಸ್ಥಾನಗಳನ್ನು ಕಡ್ಡಾಯ ಮಾಡಿದ್ದು 1981ರ ಮಾದರಿಗಳಿಂದ. ಅದಕ್ಕೂ ಹಿಂದೆ ಪ್ರತಿಯೊಂದು ಕಂಪನಿಯೂ ತನಗೆ ತೋಚಿದಂತೆ ಸಂಖ್ಯೆ ಕೊಡುತ್ತಿತ್ತು, ಒಂದೇ ಕಂಪನಿ ಕೆಲವು ವರ್ಷಗಳಿಗೊಮ್ಮೆ ಪದ್ಧತಿ ಬದಲಿಸುವುದೂ ಇತ್ತು.

ಈ ವ್ಯತ್ಯಾಸ ಗೊತ್ತಿಲ್ಲದೆ ಮೋಸ ಹೋದವರನ್ನು ನಾನು ಕಂಡಿದ್ದೇನೆ. ದುಡ್ಡು ಕಟ್ಟಿದರೆ ವಾಹನದ ಇತಿಹಾಸದ ವರದಿ ಕೊಡುವ ಸೇವೆಗಳು ಈಗ ಅನೇಕ ಇವೆ. ಅವುಗಳಲ್ಲಿ ಬಹುಪಾಲು ಹದಿನೇಳು ಸ್ಥಾನಗಳ ಸಂಖ್ಯೆಯನ್ನೇ ಆಧರಿಸಿ ನಡೆಯುವಂಥವು, 1981ಕ್ಕಿಂತ ಹಳೆಯ ಗಾಡಿಯ ನಂಬರನ್ನು ಅವು ಒಪ್ಪಿಕೊಳ್ಳುವುದೇ ಇಲ್ಲ. 'ವರದಿಯಲ್ಲಿ ಏನೂ ದೋಷ ಕಾಣಲಿಲ್ಲ' ಎಂದು ಮಾರುವವನು ಹೇಳಿದರೆ, ದೋಷ ಇಲ್ಲದ್ದರಿಂದ ಕಾಣಲಿಲ್ಲವೋ, ದಾಖಲೆಯೇ ಇಲ್ಲದ್ದರಿಂದ ಕಾಣಲಿಲ್ಲವೋ ಎಂದು ಕೇಳಬೇಕು. ಹದಿನೇಳು ಸ್ಥಾನಗಳ ಗಾಡಿಯಾದರೆ ಸಂಖ್ಯೆಯೇ ಒಂದಷ್ಟು ಕಾವಲು ಕಾಯುತ್ತದೆ. ಐ, ಒ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಒಂದು ಮತ್ತು ಸೊನ್ನೆಯಂತೆ ಕಾಣುವುದರಿಂದ ಅದರಲ್ಲಿ ಬರುವಂತಿಲ್ಲ. ಅಮೆರಿಕದಲ್ಲಿ ಮಾರಲು ತಯಾರಾದ ಗಾಡಿಗಳಲ್ಲಿ ಒಂಬತ್ತನೆಯ ಸ್ಥಾನ ತಾಳೆ ನೋಡುವ ಅಂಕಿ. ಉಳಿದ ಸ್ಥಾನಗಳಲ್ಲಿರುವ ಅಕ್ಷರ, ಅಂಕಿಗಳ ನಿಗದಿತ ಬೆಲೆಗಳನ್ನು ಆಯಾ ಸ್ಥಾನಕ್ಕೆ ಗೊತ್ತುಪಡಿಸಿದ ಸಂಖ್ಯೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಹನ್ನೊಂದರಿಂದ ಭಾಗಿಸಿದಾಗ ಬರುವ ಶೇಷ ಅಲ್ಲಿ ಇರಬೇಕು. ಶೇಷ ಹತ್ತಾದರೆ ಎಕ್ಸ್ ಎಂಬ ಅಕ್ಷರ ಇರಬೇಕು. ಹತ್ತನೆಯ ಸ್ಥಾನ ಮಾದರಿಯ ವರ್ಷ, ಹನ್ನೊಂದನೆಯದು ಕಾರ್ಖಾನೆ. ಕಾಗದ ಪೆನ್ನು ಹಿಡಿದು ಕೂತರೆ ಹತ್ತು ನಿಮಿಷದ ಲೆಕ್ಕ ಇದು, ಕಳ್ಳ ನಂಬರನ್ನು ಎಷ್ಟೋ ಸಲ ಇಷ್ಟರಲ್ಲೇ ಹಿಡಿಯಬಹುದು.

ನನ್ನ ಗಾಡಿಯ ನಂಬರ್ ವಿ-8 ಎಂದು ಹೇಳಿತು. ಬಾನೆಟ್ ಎತ್ತಿದರೆ ಇದ್ದದ್ದು ಸಾಲಾಗಿ ಆರು ಸಿಲಿಂಡರುಗಳ ಎಂಜಿನ್. ಮೊದಲು ಎದೆ ಝಲ್ಲೆಂದಿತು. ಆಮೇಲೆ ಆ ಎಂಜಿನ್ನಿನ ಎರಕದ ಮೇಲಿನ ಸಂಕೇತ ಓದಿದೆ. ಅದು ಡಿ5ಟಿಇ ಎಂದು ಆರಂಭವಾಗುತ್ತಿತ್ತು. ಫೋರ್ಡಿನ ಬಿಡಿಭಾಗಗಳ ಸಂಕೇತದಲ್ಲಿ ಡಿ ಎಂದರೆ 1970ರ ದಶಕ, 5 ಎಂದರೆ ಆ ದಶಕದ ಐದನೆಯ ವರ್ಷ, ಟಿ ಎಂದರೆ ಟ್ರಕ್ಕು, ಇ ಎಂದರೆ ಎಂಜಿನ್ ವಿಭಾಗ. ಅಂದರೆ 1975ರ ವಿನ್ಯಾಸದ ಭಾಗ 1971ರ ಗಾಡಿಯಲ್ಲಿ ಕೂತಿದೆ, ನಡುವೆ ಎಲ್ಲೋ ಎಂಜಿನ್ ಬದಲಾಗಿದೆ. ದುಡಿಯುವ ಗಾಡಿಗೆ ಇದು ಸಹಜ. ಹೆಚ್ಚು ಪೆಟ್ರೋಲ್ ಕುಡಿಯುವ ವಿ-8 ತೆಗೆದು ಮಿತವ್ಯಯದ ಎಂಜಿನ್ ಹಾಕಿಸಿಕೊಂಡವರು ಆ ಕಾಲದಲ್ಲಿ ಕಡಿಮೆಯಿರಲಿಲ್ಲ. ಆದರೆ ಇನ್ನೂ ಹಳೆಯ ಗಾಡಿಗಳಲ್ಲಿ ಇದೇ ಬದಲಾವಣೆ ಮಾಲೀಕತ್ವದ ಸರಪಳಿಯನ್ನೇ ಕಡಿದುಹಾಕುತ್ತದೆ, ಏಕೆಂದರೆ 1950ರ ದಶಕಕ್ಕೆ ಮೊದಲು ಅಮೆರಿಕದ ಹಲವು ರಾಜ್ಯಗಳಲ್ಲಿ ಗಾಡಿಯನ್ನು ನೋಂದಾಯಿಸುತ್ತಿದ್ದದ್ದು ಎಂಜಿನ್ ನಂಬರಿನ ಮೇಲೆ. ಎಂಜಿನ್ ಗುಜರಿಗೆ ಹೋದರೆ ಕಾಗದದಲ್ಲಿರುವ ಗಾಡಿಯೇ ಗುಜರಿಗೆ ಹೋದ ಹಾಗೆ. ಹಾಗಾಗಿ ನಂಬರ್ ತಾಳೆಯಾಗದಿದ್ದ ಮಾತ್ರಕ್ಕೆ ಅದು ಕಳ್ಳತನದ ಗಾಡಿ ಎಂದು ತೀರ್ಮಾನಿಸಬಾರದು. ತಾಳೆಯಾಗದ ಗಾಡಿಯನ್ನು ವಿಚಾರಿಸದೆ ಕೊಳ್ಳುವುದೂ ಸರಿಯಲ್ಲ. ಪೊಲೀಸರಿಂದ ಪರಿಶೀಲನೆ ಮಾಡಿಸಿಕೊಂಡ ಮೇಲೆಯೇ ಹಣ ಕೊಡಬೇಕು.

ನಂಬರಿನ ಆಚೆಗೂ ಗಾಡಿ ಮಾತಾಡುತ್ತದೆ. ಫೋರ್ಡಿನ ಹಳೆಯ ಮಾಹಿತಿ ಫಲಕದಲ್ಲಿ ಬಣ್ಣ, ಗೇರುಪೆಟ್ಟಿಗೆ, ಹಿಂದಿನ ಆಕ್ಸಲ್‌ಗಳ ಸಂಕೇತಗಳ ಜೊತೆಗೆ ಜಿಲ್ಲಾ ಮಾರಾಟ ಕಚೇರಿಯ ಎರಡಂಕಿಯ ಸಂಕೇತ ಇರುತ್ತದೆ. ಗಾಡಿ ಮೊದಲು ಯಾವ ಪ್ರದೇಶಕ್ಕೆ ಹೋಯಿತು ಎಂದು ಅದರಿಂದ ತಿಳಿಯುತ್ತದೆ. 1967ರಿಂದ 1972ರವರೆಗಿನ ಶೆವ್ರೊಲೆ ಪಿಕಪ್ಪುಗಳಲ್ಲಿ ಕೈಪೆಟ್ಟಿಗೆಯ (ಗ್ಲೋವ್ ಬಾಕ್ಸ್) ಮುಚ್ಚಳದ ಒಳಬದಿಯಲ್ಲಿ ಅಂಟಿಸಿದ ಚೀಟಿಯೊಂದು ಕಾರ್ಖಾನೆಯಲ್ಲಿ ಹಾಕಿದ ಆಯ್ಕೆಗಳ ಪಟ್ಟಿ ಕೊಡುತ್ತದೆ, ಆದ್ದರಿಂದ ಆ ಮುಚ್ಚಳಕ್ಕೆ ಬಣ್ಣ ಹೊಡೆಯುವ ಮುನ್ನ ಯೋಚಿಸಬೇಕು. ಹೆಚ್ಚುವರಿ ಚಕ್ರವೂ ಒಂದು ಸಾಕ್ಷಿ. ಟೈರಿನ ಮೇಲಿನ ತಯಾರಿಕೆಯ ಸಂಕೇತ 2000ದಿಂದ ವಾರ ಮತ್ತು ವರ್ಷ ತಿಳಿಸುವ ನಾಲ್ಕು ಅಂಕಿಗಳಲ್ಲಿದೆ, ಅದಕ್ಕೆ ಮೊದಲು ಮೂರೇ ಅಂಕಿ ಇರುತ್ತಿತ್ತು. ನನ್ನ ಗಾಡಿಯ ಹೆಚ್ಚುವರಿ ಟೈರಿನಲ್ಲಿದ್ದದ್ದು ಮೂರು ಅಂಕಿ, ರಸ್ತೆ ಕಾಣದ ಟೈರು. ಕೊನೆಯ ಸಲ ಅದಕ್ಕೆ ಹೊಸ ಟೈರು ಹಾಕಿಸುವಷ್ಟು ಕಾಳಜಿ ಇದ್ದ ಮಾಲೀಕ 2000ಕ್ಕೆ ಮೊದಲೇ ಅದನ್ನು ಬಿಟ್ಟಿರಬೇಕು ಎಂದು ಊಹಿಸಿದೆ. ಆ ಊಹೆ ಆಮೇಲೆ ಸರಿಯಾಯಿತು.

ಇನ್ನು ಬಾಗಿಲಿನ ವಿಷಯ. ದುಡಿಯುವ ಪಿಕಪ್ಪುಗಳ ಬಾಗಿಲ ಮೇಲೆ ಅಂಗಡಿಯ ಅಥವಾ ಕಸುಬಿನ ಹೆಸರನ್ನು ಕುಂಚದಿಂದ ಬರೆಸುವುದು ಹಿಂದೆ ವಾಡಿಕೆಯಾಗಿತ್ತು. ಮಾರುವಾಗ ಅದರ ಮೇಲೆ ಬಣ್ಣ ಹೊಡೆಯುತ್ತಿದ್ದರು, ಅಕ್ಷರಗಳನ್ನು ಪೂರ್ತಿ ಕೆರೆದು ತೆಗೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಒಂದು ರಾತ್ರಿ ದೀಪಗಳನ್ನೆಲ್ಲ ಆರಿಸಿ, ಟಾರ್ಚನ್ನು ಬಾಗಿಲಿನ ತಗಡಿಗೆ ಒರಗಿಸಿ ಬೆಳಕು ಅಡ್ಡಡ್ಡ ಹರಿಯುವಂತೆ ಹಿಡಿದೆ. ನೀಲಿ ಬಣ್ಣದ ಕೆಳಗಿನಿಂದ ಅಕ್ಷರಗಳ ಅಂಚುಗಳು ಎದ್ದು ನಿಂತವು. ಮೊದಲ ಸಾಲಿನಲ್ಲಿ ಒಂದು ಕುಟುಂಬದ ಹೆಸರು, ಎರಡನೆಯ ಸಾಲಿನಲ್ಲಿ ಬಾವಿ ಕೊರೆಯುವ ಕಸುಬಿನ ಹೆಸರು, ಅದರ ಕೆಳಗೆ ದೂರವಾಣಿ ಸಂಖ್ಯೆ. ಕೊನೆಯ ಎರಡು ಅಂಕಿಗಳು ಇದ್ದ ಕಡೆ ಬಾಗಿಲು ಜಜ್ಜಿ ಪುಟ್ಟಿ ತುಂಬಿದ್ದರು, ಅವು ಸಿಗಲಿಲ್ಲ. ಟಾರ್ಚಿನ ಕೋನ ಬದಲಿಸುತ್ತಾ, ಒಂದೊಂದು ಅಕ್ಷರವನ್ನೂ ಕಾಗದದಲ್ಲಿ ಬರೆದುಕೊಳ್ಳುತ್ತಾ ಎರಡು ತಾಸು ಅಲ್ಲೇ ಮಂಡಿಯೂರಿ ಕುಳಿತಿದ್ದೆ. ಮೂರು ವರ್ಷಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ರಾತ್ರಿ ಅದು. ಗ್ರಂಥಾಲಯದಲ್ಲಿದ್ದ ಹಳೆಯ ದೂರವಾಣಿ ಡೈರೆಕ್ಟರಿಗಳಲ್ಲಿ ಆ ಕುಟುಂಬದ ಹೆಸರು, ಆ ಕಸುಬು, ಆ ಸಂಖ್ಯೆಯ ಮೊದಲ ಅಂಕಿಗಳು ಮೂರೂ ಒಂದೇ ಸಾಲಿನಲ್ಲಿ ಸಿಕ್ಕವು. ವರ್ಷದಿಂದ ವರ್ಷಕ್ಕೆ ಡೈರೆಕ್ಟರಿ ತಿರುವುತ್ತಾ ಹೋದಾಗ ಆ ಕಸುಬು ಯಾವ ವರ್ಷ ಪಟ್ಟಿಯಿಂದ ಮರೆಯಾಯಿತು ಎಂಬುದೂ ತಿಳಿಯಿತು.

ಕಾಗದಗಳು ಸಿಗುವುದೂ ಗಾಡಿಯ ಒಳಗೇ. 1972ರವರೆಗಿನ ಎಫ್-100 ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕು ಕ್ಯಾಬಿನ್ನಿನೊಳಗೆ ಸೀಟಿನ ಬೆನ್ನಿನ ಹಿಂದೆ ಇರುತ್ತಿತ್ತು. ಸೀಟು ಬಿಚ್ಚಿದಾಗ ಟ್ಯಾಂಕಿಗೂ ಹಿಂಗೋಡೆಗೂ ನಡುವಿನ ಸಂದಿನಲ್ಲಿ ಮೂರು ಕಾಗದಗಳು ಸಿಕ್ಕವು. ಒಂದು ಇಲಿ ಕಡಿದು ಪುಡಿಯಾಗಿತ್ತು, ಇನ್ನೊಂದು ಮೀನು ಹಿಡಿಯುವ ಪರವಾನಗಿ, ಮೂರನೆಯದು 1983ರ ಬ್ರೇಕ್ ರಿಪೇರಿಯ ಬಿಲ್ಲು. ಬಿಲ್ಲಿನಲ್ಲಿ ಮೀಟರಿನ ಓಟ ಬರೆದಿತ್ತು, ಅದು ಈಗಿನ ಓಟಕ್ಕಿಂತ ಹೆಚ್ಚು. ಇದರಲ್ಲಿ ಮೋಸವೇನೂ ಇಲ್ಲ. ಆ ಕಾಲದ ಮೀಟರಿನಲ್ಲಿ ಮೈಲಿಗೆ ಐದೇ ಅಂಕಿ, 99,999 ಆದ ಮೇಲೆ ಮತ್ತೆ ಸೊನ್ನೆ. ಹೀಗಾಗಿ ಹಳೆಯ ಪಿಕಪ್ಪಿನ ಮೀಟರ್ ಓಟವನ್ನು ದಿನಾಂಕವಿರುವ ಕಾಗದದ ಜೊತೆಗಿಟ್ಟು ಓದಬೇಕೇ ಹೊರತು ಅದೊಂದನ್ನೇ ನಂಬಬಾರದು. ಅಮೆರಿಕದಲ್ಲಿ 1972ರ ಕಾನೂನಿನ ಪ್ರಕಾರ ಗಾಡಿ ಕೈ ಬದಲಾಗುವಾಗ ಮಾರುವವನು ಮೀಟರ್ ಓಟವನ್ನು ಲಿಖಿತವಾಗಿ ತಿಳಿಸಬೇಕಾಯಿತು. ಅಂಥ ಒಂದು ಚೀಟಿ ಸಿಕ್ಕರೆ ಓಟದ ಜೊತೆಗೆ ಮಾರಿದವನ ಹೆಸರು, ಕೊಂಡವನ ಹೆಸರು, ದಿನಾಂಕ ಎಲ್ಲವೂ ಸಿಕ್ಕಂತೆ. ಎಷ್ಟೋ ಜನ ಗಾಡಿ ಕೊಂಡ ದಿನವೇ ಒಳಗಿನ ಕಸದ ಜೊತೆ ಈ ಚೀಟಿಗಳನ್ನೂ ಗುಡಿಸಿ ಎಸೆಯುತ್ತಾರೆ.

ಇಷ್ಟೆಲ್ಲ ಹಿಡಿದುಕೊಂಡು ನಾನು ನೋಂದಣಿ ಕಚೇರಿಗೆ ಹೋದೆ. ಅಲ್ಲಿನ ಸಿಬ್ಬಂದಿ ಸೌಜನ್ಯದಿಂದಲೇ ಮಾತನಾಡಿದರು. ಕಂಪ್ಯೂಟರಿನಲ್ಲಿ ಇದ್ದದ್ದು ಕೊನೆಯ ಎರಡು ವರ್ಗಾವಣೆಗಳು ಮಾತ್ರ. ಅದಕ್ಕೂ ಹಿಂದಿನ ದಾಖಲೆ ದಪ್ಪ ರಟ್ಟಿನ ಪುಸ್ತಕಗಳಲ್ಲಿ ಇತ್ತಂತೆ, ಕಟ್ಟಡ ಬದಲಾಯಿಸುವಾಗ ಜಾಗ ಸಾಲದೆ ಅವುಗಳನ್ನು ವಿಲೇವಾರಿ ಮಾಡಿದರಂತೆ. ನಾನು ಯಾರನ್ನೂ ದೂರುತ್ತಿಲ್ಲ, ನಿಯಮದಲ್ಲಿ ಇಷ್ಟೇ ವರ್ಷ ಇಟ್ಟುಕೊಳ್ಳಬೇಕು ಎಂದಿದ್ದರೆ ಅವರು ಅಷ್ಟೇ ವರ್ಷ ಇಟ್ಟುಕೊಂಡಿರುತ್ತಾರೆ. ಆದರೆ ಆ ನಿಯಮವೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಪ್ರದೇಶದಲ್ಲಿ ಯಾವ ಕಾಲದಲ್ಲಿ ಯಾರು ಯಾವ ಗಾಡಿ ಇಟ್ಟುಕೊಂಡಿದ್ದರು, ಎತ್ತಿನ ಗಾಡಿ ಬಿಟ್ಟು ಮೋಟಾರು ಗಾಡಿಗೆ ಯಾವ ಕಸುಬಿನವರು ಮೊದಲು ಬಂದರು, ಯಾವ ಕಸುಬು ಯಾವಾಗ ನಿಂತಿತು ಎಂಬುದನ್ನೆಲ್ಲ ಹೇಳುವ ಪುಸ್ತಕ ಅದು. ಜಮೀನಿನ ಹಳೆಯ ದಾಖಲೆಯನ್ನು ಜೋಪಾನ ಮಾಡುವ ನಾವು ವಾಹನದ ದಾಖಲೆಯನ್ನು ತೆರಿಗೆ ವಸೂಲಿಯ ಲೆಕ್ಕ ಎಂದಷ್ಟೇ ಕಾಣುತ್ತಿದ್ದೇವೆ.

ಈ ವಿಷಯದಲ್ಲಿ ಬ್ರಿಟನ್ನಿನ ಅನುಭವ ನೋಡುವಂಥದ್ದು. ಅಲ್ಲಿ 1903ರ ಮೋಟಾರು ಕಾರು ಕಾಯ್ದೆಯ ಪ್ರಕಾರ 1904ರ ಜನವರಿ 1ರಿಂದ ಸ್ಥಳೀಯ ಆಡಳಿತಗಳು ವಾಹನಗಳನ್ನು ನೋಂದಾಯಿಸುತ್ತಾ ಬಂದವು. 1970ರ ದಶಕದಲ್ಲಿ ಆ ಕೆಲಸ ಸ್ವಾನ್ಸೀ ನಗರದ ಕೇಂದ್ರ ಕಚೇರಿಯ ಕಂಪ್ಯೂಟರಿಗೆ ಹೋಯಿತು. ಹಳೆಯ ಗಾಡಿಯ ಮಾಲೀಕರು 1983ರ ಒಳಗೆ ತಮ್ಮ ಗಾಡಿಯ ವಿವರವನ್ನು ಕೇಂದ್ರಕ್ಕೆ ಕಳುಹಿಸಬೇಕಿತ್ತು. ಕೊಟ್ಟಿಗೆಯಲ್ಲಿ ಮಲಗಿದ್ದ ಎಷ್ಟೋ ಗಾಡಿಗಳ ಮಾಲೀಕರು ಕಳುಹಿಸಲಿಲ್ಲ, ಆ ಗಾಡಿಗಳು ತಮ್ಮ ನಂಬರನ್ನೇ ಕಳೆದುಕೊಂಡವು. ಸ್ಥಳೀಯ ಆಡಳಿತಗಳ ಬಳಿ ಉಳಿದ ಪುಸ್ತಕಗಳಲ್ಲಿ ಅನೇಕವನ್ನು ನಾಶ ಮಾಡಲಾಯಿತು. ಆದರೆ ಕೆಲವು ಕಡೆ ಜಿಲ್ಲಾ ಪತ್ರಾಗಾರಗಳು ಅವುಗಳನ್ನು ಉಳಿಸಿಕೊಂಡವು, ಡ್ರೋಯಿಟ್‌ವಿಚ್ ಎಂಬಲ್ಲಿನ ಕಿಟ್‌ಹೆಡ್ ಟ್ರಸ್ಟ್ ಅಂಥ ದಾಖಲೆಗಳನ್ನು ಸಂಗ್ರಹಿಸಿ ಕಾಪಾಡಿತು. ಆಮೇಲೆ ಹಳೆಯ ನಂಬರನ್ನು ಮರಳಿ ಪಡೆಯಲು ವಿ765 ಎಂಬ ಯೋಜನೆ ಬಂದಾಗ, ನಂಬರಿಗೂ ಚಾಸಿಗೂ ಇರುವ ಸಂಬಂಧವನ್ನು ಸಾಬೀತುಪಡಿಸಲು ನೆರವಾದದ್ದು ಹೀಗೆ ಉಳಿದುಕೊಂಡ ಪುಸ್ತಕಗಳೇ. ಪುಸ್ತಕ ಉಳಿದ ಊರಿನ ಗಾಡಿಗೆ ಹಿಂದಿನ ಕಥೆ ಉಳಿಯಿತು, ಪುಸ್ತಕ ಸುಟ್ಟ ಊರಿನ ಗಾಡಿಗೆ ಇಲ್ಲ.

ದಾಖಲೆ ಸಿಕ್ಕರೂ ಅದನ್ನು ಓದುವಾಗ ಒಂದು ಎಚ್ಚರ ಬೇಕು. ನೋಂದಣಿ ಪತ್ರದಲ್ಲಿ ಹೆಸರಿರುವವನು ಮಾಲೀಕನೇ ಆಗಿರಬೇಕೆಂದಿಲ್ಲ. ಬ್ರಿಟನ್ನಿನ ವಿ5ಸಿ ನೋಂದಣಿ ಪತ್ರದ ಮೇಲೆಯೇ ಇದು ಮಾಲೀಕತ್ವದ ಪುರಾವೆಯಲ್ಲ ಎಂದು ಮುದ್ರಿಸಿರುತ್ತಾರೆ, ಅದು ತೋರಿಸುವುದು ಗಾಡಿಯ ಜವಾಬ್ದಾರಿ ಹೊತ್ತವನನ್ನು. ಅಮೆರಿಕದಲ್ಲಿ ಮಾಲೀಕತ್ವಕ್ಕೆ ಟೈಟಲ್ ಎಂಬ ಬೇರೆಯೇ ಪತ್ರ ಇದೆ. ಸಾಲ ಕೊಟ್ಟವರ ಹೆಸರು, ಕಂಪನಿಯ ಹೆಸರು, ತೀರಿಹೋದ ತಂದೆಯ ಹೆಸರು ಹಾಗೆಯೇ ಕಾಗದದಲ್ಲಿ ಮುಂದುವರಿದು, ಗಾಡಿ ಓಡಿಸಿದವರು ಬೇರೆ ಯಾರೋ ಆಗಿರುವುದು ತುಂಬಾ ಸಾಮಾನ್ಯ. ನಂಬರ್ ಪ್ಲೇಟಿನಿಂದಲೂ ಕೆಲವೊಮ್ಮೆ ಸುಳಿವು ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1963ರಿಂದ ಕೊಡುತ್ತಿದ್ದ ಕಪ್ಪು ಹಿನ್ನೆಲೆಯ ಹಳದಿ ಅಕ್ಷರದ ಪ್ಲೇಟು ಗಾಡಿಯ ಜೊತೆಗೇ ಉಳಿಯುತ್ತಿತ್ತು. ಬ್ರಿಟನ್ನಿನಲ್ಲಿ 1963ರಿಂದ 1983ರವರೆಗೆ ನಂಬರಿನ ಕೊನೆಯ ಅಕ್ಷರ ನೋಂದಣಿಯ ಕಾಲವನ್ನು ಹೇಳುತ್ತಿತ್ತು. ಆದರೆ ಪ್ಲೇಟು ಗಾಡಿಯ ಬದಲು ಮಾಲೀಕನ ಜೊತೆ ಹೋಗುವ ಕಡೆ ಇದರಿಂದ ಪ್ರಯೋಜನವಿಲ್ಲ.

ಹಿಂದಿನ ಮಾಲೀಕರ ಹೆಸರನ್ನು ಕೇಳಿದವರಿಗೆಲ್ಲ ಕೊಟ್ಟುಬಿಡಬೇಕು ಎಂದು ನಾನು ವಾದಿಸುತ್ತಿಲ್ಲ. 1989ರಲ್ಲಿ ಅಮೆರಿಕದ ನಟಿ ರೆಬೆಕಾ ಶೆಫರ್ ಅವರ ಮನೆಯ ವಿಳಾಸವನ್ನು ಅವರ ಬೆನ್ನು ಹತ್ತಿದ್ದ ಒಬ್ಬ ವ್ಯಕ್ತಿ ಖಾಸಗಿ ಪತ್ತೇದಾರನ ಮೂಲಕ ಮೋಟಾರು ವಾಹನ ಇಲಾಖೆಯ ದಾಖಲೆಯಿಂದ ತೆಗೆಸಿಕೊಂಡು, ಅವರ ಮನೆಬಾಗಿಲಲ್ಲೇ ಅವರನ್ನು ಕೊಂದ. 1994ರಲ್ಲಿ ಆ ದೇಶ ಚಾಲಕರ ಖಾಸಗಿತನ ರಕ್ಷಣಾ ಕಾಯ್ದೆ ತಂದದ್ದರ ಹಿಂದೆ ಇಂಥ ಘಟನೆಗಳ ನೋವಿದೆ. ಆ ಕಾಯ್ದೆಯಿಂದ ನನ್ನಂಥವರ ಹುಡುಕಾಟ ಕಷ್ಟವಾಯಿತು ನಿಜ, ಆದರೂ ಅದು ಇರಲೇಬೇಕಾದ ಕಾಯ್ದೆ. ಒಂದು ಹಳೆಯ ಗಾಡಿಯ ಕಥೆಗಿಂತ ಬದುಕಿರುವವರ ನೆಮ್ಮದಿ ದೊಡ್ಡದು.

ಆದರೆ ಖಾಸಗಿತನವನ್ನು ಕಾಯುತ್ತಲೇ ದಾರಿ ತೆರೆಯಲು ಸಾಧ್ಯವಿದೆ. ನಾನು ಬರೆದ ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಕಚೇರಿಗೆ ಕೊಡುತ್ತೇನೆ, ಕಚೇರಿ ತನ್ನ ಬಳಿಯಿರುವ ವಿಳಾಸಕ್ಕೆ ಅದನ್ನು ರವಾನಿಸಲಿ, ಅಂಚೆ ವೆಚ್ಚ ನನ್ನದೇ ಇರಲಿ. ವಿಳಾಸ ನನಗೆ ತಿಳಿಯಬೇಕಾಗಿಲ್ಲ. ಹಿಂದಿನ ಮಾಲೀಕರಿಗೆ ಮನಸ್ಸಿದ್ದರೆ ಉತ್ತರ ಬರೆಯುತ್ತಾರೆ, ಇಲ್ಲದಿದ್ದರೆ ವಿಷಯ ಅಲ್ಲಿಗೇ ಮುಗಿಯಿತು. ಹಾಗೆಯೇ ನಿಗದಿತ ವರ್ಷಗಳು ಕಳೆದ ನೋಂದಣಿ ಪುಸ್ತಕಗಳನ್ನು ರದ್ದಿಯವರಿಗೆ ಕೊಡುವ ಬದಲು ಪತ್ರಾಗಾರಕ್ಕೆ ಒಪ್ಪಿಸಲಿ. ಜನಗಣತಿಯ ಹಾಳೆಗಳನ್ನು ಹಲವು ದೇಶಗಳು ಇಂತಿಷ್ಟು ದಶಕ ಮುಚ್ಚಿಟ್ಟು ಆಮೇಲೆ ತೆರೆಯುತ್ತವೆ, ಅಮೆರಿಕದಲ್ಲಿ ಆ ಅವಧಿ 72 ವರ್ಷ. ವಾಹನದ ಪುಸ್ತಕಗಳಿಗೂ ಅಂಥದೊಂದು ಅವಧಿ ಗೊತ್ತುಪಡಿಸಿದರೆ ಇಂದಿನವರ ಖಾಸಗಿತನವೂ ಉಳಿಯುತ್ತದೆ, ಮುಂದಿನವರಿಗೆ ದಾಖಲೆಯೂ ಉಳಿಯುತ್ತದೆ.

ಬಾವಿ ಕೊರೆಯುತ್ತಿದ್ದ ಆ ಕುಟುಂಬಕ್ಕೆ ನಾನು ಬರೆದದ್ದೂ ಪತ್ರವನ್ನೇ. ಮನೆ ಹುಡುಕಿಕೊಂಡು ಹೋಗಿ ಬಾಗಿಲು ತಟ್ಟುವುದು, ಮೇಲಿಂದ ಮೇಲೆ ಫೋನು ಮಾಡುವುದು ಸಲ್ಲದು ಎಂಬುದು ನಾನು ಹಾಕಿಕೊಂಡ ನಿಯಮ. ನಾನು ಯಾರು, ಗಾಡಿ ನನ್ನ ಕೈಗೆ ಹೇಗೆ ಬಂತು, ಏನು ತಿಳಿಯಬೇಕಾಗಿದೆ, ಉತ್ತರಿಸಲೇಬೇಕೆಂದೇನೂ ಇಲ್ಲ ಎಂದು ಒಂದು ಪುಟದಲ್ಲಿ ಬರೆದು, ಗಾಡಿಯ ಫೋಟೊ ಒಂದನ್ನು ಇಟ್ಟು ಕಳುಹಿಸಿದೆ. ನಾಲ್ಕು ತಿಂಗಳು ಉತ್ತರವಿರಲಿಲ್ಲ. ಆಮೇಲೆ ಮೊದಲ ಮಾಲೀಕರ ಮಗಳಿಂದ ಪತ್ರ ಬಂತು. ತಂದೆ ತೀರಿಹೋಗಿ ಬಹಳ ವರ್ಷವಾಗಿದೆ, ಆ ಗಾಡಿ ಇನ್ನೂ ಇದೆ ಎಂದು ತಿಳಿದು ಮನೆಯವರೆಲ್ಲ ಕೂತು ಮಾತಾಡಿದೆವು ಎಂದು ಬರೆದಿದ್ದರು. ಗಾಡಿ ಹಸಿರಾಗಿತ್ತು ಎಂಬುದು ಅವರ ನೆನಪು. ನಾನು ಬಾಗಿಲಿನ ಕೀಲಿನ ಬಳಿ ಮರಳುಕಾಗದದಿಂದ ಬೆರಳುಗುರಿನಷ್ಟು ಜಾಗವನ್ನು ಓರೆಯಾಗಿ ಉಜ್ಜಿ ನೋಡಿದೆ. ಮೇಲೆ ನೀಲಿ, ಅದರ ಕೆಳಗೆ ಬೂದು ಪ್ರೈಮರ್, ಅದರ ಕೆಳಗೆ ಬಿಳಿ, ಮತ್ತೆ ಪ್ರೈಮರ್, ಎಲ್ಲಕ್ಕೂ ತಳದಲ್ಲಿ ಹಸಿರು, ಮರದ ಕೊರಡಿನ ವರ್ಷದ ಉಂಗುರಗಳ ಹಾಗೆ. ಅವರ ನೆನಪು ಸರಿಯಾಗಿತ್ತು. ಅವರು ಹೇಳಿದ ಇನ್ನೊಂದು ವಿವರ, ಗಾಡಿ ಮಾರಿದ ವರ್ಷ, ಡೈರೆಕ್ಟರಿಗೂ ರಿಪೇರಿ ಬಿಲ್ಲಿಗೂ ಹೊಂದುವುದಿಲ್ಲ. ನೆನಪು ಮತ್ತು ಕಾಗದ ಜಗಳಕ್ಕೆ ನಿಂತಾಗ ನಾನು ಎರಡನ್ನೂ ಬರೆದಿಟ್ಟುಕೊಳ್ಳುತ್ತೇನೆ, ಒಂದನ್ನು ಹೊಡೆದುಹಾಕುವುದಿಲ್ಲ. ಬಿಳಿ ಬಣ್ಣ ಹೊಡೆಸಿದವರು ಯಾರು, ಎಂಜಿನ್ ಬದಲಿಸಿದವರು ಅವರೇನಾ ಎಂಬುದಕ್ಕೆ ಆ ಮಗಳ ಬಳಿಯೂ ಉತ್ತರವಿರಲಿಲ್ಲ.

ಹಳೆಯ ಗಾಡಿ ಇಟ್ಟುಕೊಂಡಿರುವ ಓದುಗರಲ್ಲಿ ಒಂದು ಮನವಿ. ಗಾಡಿ ಮಾರುವಾಗ ಅದರ ಹಳೆಯ ಬಿಲ್ಲು, ವಿಮೆಯ ಕಾಗದ, ವರ್ಗಾವಣೆಯ ಪ್ರತಿಗಳನ್ನು ಕೊಳ್ಳುವವರಿಗೆ ಕೊಡಿ. ನೀವು ಅದನ್ನು ಯಾವಾಗ, ಯಾರಿಂದ ಕೊಂಡಿರಿ, ಯಾವ ಕೆಲಸಕ್ಕೆ ಬಳಸಿದಿರಿ, ಏನು ಬದಲಿಸಿದಿರಿ ಎಂದು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಹಿಂದಿನ ಮಾಲೀಕರ ಹೆಸರು ಬರೆಯಲು ಅವರ ಒಪ್ಪಿಗೆ ಇರಲಿ. ನಾನು ಒಂದು ನೋಟುಪುಸ್ತಕ ಮಾಡಿ ಗಾಡಿಯ ಕೈಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಮೊದಲ ಪುಟದಲ್ಲಿ ಪೆನ್ಸಿಲ್ಲಿನಿಂದ ಉಜ್ಜಿ ತೆಗೆದ ಚಾಸಿ ನಂಬರಿನ ಕಾಗದ ಅಂಟಿಸಿದೆ. ಎರಡನೆಯ ಪುಟದಲ್ಲಿ ಮಾಲೀಕರ ಪಟ್ಟಿ ಇದೆ. ಅದರಲ್ಲಿ ಮೊದಲನೆಯವರು, ಮೂರನೆಯವರು, ನಾಲ್ಕನೆಯವರು ಗೊತ್ತಾಗಿದ್ದಾರೆ, ಐದನೆಯ ಸಾಲಿನಲ್ಲಿ ನನ್ನ ಹೆಸರಿದೆ. ಬಿಳಿ ಬಣ್ಣ ಹೊಡೆಸಿದ ಎರಡನೆಯವರ ಸಾಲನ್ನು ಖಾಲಿ ಬಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಪಿಕಪ್ ಒಂದರ ಐದನೆಯ ಮಾಲೀಕ